ರಾಜಧಾನಿಯ ಆಡಳಿತ ವಲಯ: ಯೋಜನೆ ನೆಲದಿಂದ ಆರಂಭವಾಗಲಿ
ರಾಜಧಾನಿಯಲ್ಲಿ ಆಡಳಿತ ವಲಯವನ್ನು ಯೋಜಿಸುವವರು ಕಟ್ಟಡಗಳ ನಕ್ಷೆಗೆ ಕೈಹಾಕುವ ಮೊದಲು ನೆಲದ ಏರುತಗ್ಗನ್ನು ಅಳೆಯಬೇಕು. ನವದೆಹಲಿಯ ರೈಸಿನಾ ಗುಡ್ಡದಲ್ಲಿ, ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ಅವರ ಸಚಿವಾಲಯಗಳ ನಡುವೆ ಹಾದು ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್ ಅವರ ವೈಸರಾಯ್ ಭವನದತ್ತ (ಇಂದಿನ ರಾಷ್ಟ್ರಪತಿ ಭವನ) ಏರುವ ರಸ್ತೆ ಕಡಿದಾದುದರಿಂದ, ಇಂದಿಗೂ ಗುಡ್ಡದ ಬುಡದ ವಿಜಯ್ ಚೌಕದಲ್ಲಿ ನಿಂತವರಿಗೆ ರಾಷ್ಟ್ರಪತಿ ಭವನದ ಗುಮ್ಮಟವಷ್ಟೇ ಕಾಣುತ್ತದೆ. ಕೆಳಗಿನ ಕಂಬಸಾಲು ಮರೆಯಾಗುತ್ತದೆ. ಆದ್ದರಿಂದ ಜನ ನಿಲ್ಲುವ, ನಡೆಯುವ ಜಾಗಗಳಿಂದ ನೋಟದ ಗೆರೆಗಳನ್ನು ಎಳೆದು ನೋಡಿ, ಅನಂತರವೇ ರಸ್ತೆಯ ಇಳಿಜಾರನ್ನು ನಿಗದಿಪಡಿಸಿ. ವಿಸ್ತರಣೆಗೂ ಜಾಗ ಕಾದಿರಿಸಿ: 1927ರಲ್ಲಿ ತೆರೆದ ಸಂಸತ್ ಭವನ ಸಾಲದೆ, 2023ರಲ್ಲಿ ಪಕ್ಕದಲ್ಲೇ ಹೊಸದನ್ನು ತೆರೆಯಬೇಕಾಯಿತು. ನನ್ನ ಮಟ್ಟಿಗೆ ಇದಕ್ಕಿಂತಲೂ ಮುಖ್ಯವಾದುದು ಇಂಡಿಯಾ ಗೇಟ್ ಬಳಿಯ ಹುಲ್ಲುಹಾಸು. ಸಂಜೆ ಮಕ್ಕಳೊಂದಿಗೆ ಅಲ್ಲಿ ಬಂದು ಕೂರುವ ಕುಟುಂಬಗಳಂತಹವರಿಗಾಗಿ ನೆರಳು, ಕುಡಿಯುವ ನೀರು, ಶೌಚಾಲಯಗಳನ್ನು ಮೊದಲ ನಕ್ಷೆಯಲ್ಲೇ ಗುರುತಿಸಿ.