ತುರ್ತು ಗರ್ಭನಿರೋಧಕ ಮಾತ್ರೆ ಸೇವಿಸಿದ ಮೇಲೆ ವೈದ್ಯರನ್ನು ಯಾವಾಗ ಕಾಣಬೇಕು

ತುರ್ತು ಗರ್ಭನಿರೋಧಕ ಮಾತ್ರೆ ಸೇವಿಸಿದ ಒಂದೆರಡು ದಿನ ವಾಕರಿಕೆ, ತಲೆನೋವು, ಸುಸ್ತು, ಸ್ತನಗಳಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ಇವು ಸಾಮಾನ್ಯವಾಗಿ ತಾವಾಗಿಯೇ ಶಮನವಾಗುತ್ತವೆ. ವಾಂತಿಯ ವಿಷಯ ಮಾತ್ರ ಬೇರೆ. ಈ ಮಾತ್ರೆಗಳಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಬಗೆಯದನ್ನು ನುಂಗಿದ 2 ಗಂಟೆಯೊಳಗೆ ಅಥವಾ ಉಲಿಪ್ರಿಸ್ಟಲ್ ಎಂಬ ಬಗೆಯದನ್ನು ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕಾಗುತ್ತದೆ, ಆದ್ದರಿಂದ ತಡಮಾಡದೆ ವೈದ್ಯರನ್ನು ವಿಚಾರಿಸಬೇಕು.

ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್ ಸೇವಿಸುತ್ತಿರುವವರು ಯಾವ ಲಕ್ಷಣಕ್ಕೂ ಕಾಯಬಾರದು. ಈ ಔಷಧಗಳು ಯಕೃತ್ತಿನಲ್ಲಿ ಗರ್ಭನಿರೋಧಕದ ಅಂಶವನ್ನು ಬೇಗನೆ ಕರಗಿಸಿ ಅದರ ಪರಿಣಾಮವನ್ನು ಕುಗ್ಗಿಸುತ್ತವೆ. ಸಂಭೋಗವಾಗಿ 5 ದಿನ ಕಳೆಯುವುದರೊಳಗೆ ವೈದ್ಯರ ಬಳಿ ಹೋದರೆ ಕಾಪರ್-ಟಿ ಅಳವಡಿಸಿಕೊಳ್ಳುವ ಅವಕಾಶವಿರುತ್ತದೆ. ತುರ್ತು ವಿಧಾನಗಳಲ್ಲಿ ಅತ್ಯಂತ ಪರಿಣಾಮಕಾರಿಯಾದುದು ಅದೇ.

ಮುಂದಿನ ಮುಟ್ಟು ಕೆಲವು ದಿನ ಹಿಂದುಮುಂದಾಗಬಹುದು. ನಿರೀಕ್ಷಿತ ದಿನಕ್ಕಿಂತ 7 ದಿನಕ್ಕೂ ಹೆಚ್ಚು ತಡವಾದರೆ, ಅಥವಾ ಎಂದಿಗಿಂತ ತೀರಾ ಕಡಿಮೆ ಸ್ರಾವವಾದರೆ, ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. ಮಾತ್ರೆಯ ಬಳಿಕ ನಡುವೆ ಕಾಣುವ ರಕ್ತದ ಕಲೆಗಳನ್ನೇ ಮುಟ್ಟೆಂದು ತಿಳಿದು ನಿಶ್ಚಿಂತರಾಗುವುದು ಸರಿಯಲ್ಲ. ಸಂಭೋಗವಾಗಿ 3 ವಾರಗಳಾದ ಮೇಲೆ ಮಾಡುವ ಪರೀಕ್ಷೆಯ ಫಲಿತಾಂಶವನ್ನು ನಂಬಬಹುದು. ಗರ್ಭ ನಿಂತಿದ್ದರೆ ಮುಂದಿನ ನಿರ್ಧಾರ ಏನೇ ಇರಲಿ, ವೈದ್ಯರನ್ನು ಕಾಣಬೇಕು; ಲೆವೊನಾರ್ಜೆಸ್ಟ್ರೆಲ್‌ನಿಂದ ಭ್ರೂಣಕ್ಕೆ ಹಾನಿಯಾಗುತ್ತದೆಂಬ ಭಯ ಬೇಡ.

ಎಲ್ಲಕ್ಕಿಂತ ಗಂಭೀರವಾದುದು ಕಿಬ್ಬೊಟ್ಟೆಯ ತೀವ್ರ ನೋವು. ಮಾತ್ರೆ ಸೇವಿಸಿದ ಕೆಲವು ವಾರಗಳಲ್ಲಿ, ಅದರಲ್ಲೂ ಒಂದೇ ಬದಿಯಲ್ಲಿ ಇಂಥ ನೋವು ಬಂದರೆ, ಭ್ರೂಣವು ಗರ್ಭಕೋಶದ ಬದಲು ಗರ್ಭನಾಳದಲ್ಲಿ ಬೆಳೆಯುತ್ತಿರಬಹುದು. ಮಾತ್ರೆ ಇದಕ್ಕೆ ಕಾರಣವಲ್ಲ, ಆದರೆ ನಾಳ ಒಡೆದರೆ ಒಳಗೇ ರಕ್ತ ಹರಿದು ಪ್ರಾಣಾಪಾಯವಾಗುತ್ತದೆ. ನೋವಿನ ಜೊತೆಗೆ ತಲೆಸುತ್ತು, ಪ್ರಜ್ಞೆ ತಪ್ಪುವಿಕೆ ಅಥವಾ ಹೆಗಲ ತುದಿಯಲ್ಲಿ ನೋವಿದ್ದರೆ, ಮುಟ್ಟಾಗಿದ್ದರೂ ಸಹ, ತುರ್ತು ಚಿಕಿತ್ಸಾ ವಿಭಾಗಕ್ಕೆ ಕೂಡಲೇ ಹೋಗಬೇಕು. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವವಾದಾಗಲೂ, ಮುಖ ಊದಿಕೊಂಡು ಉಸಿರಾಟ ಕಷ್ಟವಾದಾಗಲೂ ಹಾಗೆಯೇ.

ಲೈಂಗಿಕ ಸೋಂಕುಗಳಿಂದ ಈ ಮಾತ್ರೆ ರಕ್ಷಿಸುವುದಿಲ್ಲ. ಎಚ್‌ಐವಿ ಸೋಂಕಿನ ಸಂಶಯವಿದ್ದರೆ, ಅಥವಾ ಒಪ್ಪಿಗೆಯಿಲ್ಲದೆ ಸಂಭೋಗ ನಡೆದಿದ್ದರೆ, ತಡೆಗಟ್ಟುವ ಔಷಧವನ್ನು 72 ಗಂಟೆಯೊಳಗೆ, ಆದಷ್ಟೂ ಬೇಗನೆ ಆರಂಭಿಸಬೇಕಾಗುತ್ತದೆ. ಸಂಕೋಚದಿಂದ ವಿಳಂಬಿಸಿದರೆ ಈ ಅವಧಿ ಮೀರಿಹೋಗುತ್ತದೆ. ವೈದ್ಯರ ಬಳಿ ಹೋಗುವಾಗ ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೊಯ್ದು, ಸೇವಿಸಿದ ದಿನ, ಗಂಟೆ ಮತ್ತು ಹಿಂದಿನ ಮುಟ್ಟಿನ ದಿನಾಂಕವನ್ನು ತಿಳಿಸಬೇಕು.