ಚಿತ್ರ ಬಿಡಿಸಿದ ಕ್ಯಾನ್ವಾಸ್ ನೆಲಹಾಸು ಬಾಳಿಕೆ ಬರಬೇಕಾದರೆ

ಕೈಯಿಂದ ಚಿತ್ರ ಬಿಡಿಸಿ ವಾರ್ನಿಷ್ ಹಚ್ಚಿದ ಕ್ಯಾನ್ವಾಸ್ ನೆಲಹಾಸನ್ನು ಹೆಚ್ಚು ಹಾಳುಮಾಡುವುದು ಮರಳು. ಚಪ್ಪಲಿಗೆ ಅಂಟಿಬಂದ ಸಣ್ಣ ಕಣಗಳು ಮೊದಲು ವಾರ್ನಿಷ್ ಸವೆಸುತ್ತವೆ, ಆಮೇಲೆ ಬಣ್ಣದ ಸರದಿ. ಅದಕ್ಕೇ ದಿನಾ ಮೆತ್ತನೆಯ ಪೊರಕೆಯಲ್ಲಿ ಗುಡಿಸಿ, ನಂತರವೇ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಸಾಕು. ಅಮೋನಿಯಾ, ಬ್ಲೀಚ್, ಸ್ಪಿರಿಟ್ ಬೇಡವೇ ಬೇಡ. ಮೇಣದ ಪಾಲಿಶ್ ಕೂಡ ಹಚ್ಚಬೇಡಿ. ಮುಂದೆ ಅದರ ಮೇಲೆ ಹೊಸ ವಾರ್ನಿಷ್ ಹಿಡಿಯುವುದಿಲ್ಲ.

ನೀರು ಚೆಲ್ಲಿದರೆ ಅಂಚು ಎತ್ತಿ ಕೆಳಗೂ ನೋಡಿ. ಹಿಂಬದಿ ಒದ್ದೆಯಾಗಿಯೇ ಉಳಿದರೆ ಬೂಷ್ಟು ಹಿಡಿಯುತ್ತದೆ.

ಹೊಳಪು ಮಾಸಿದ್ದು ಕಂಡ ಕೂಡಲೇ ಮತ್ತೆ ವಾರ್ನಿಷ್ ಮಾಡಿ, ಬಣ್ಣ ಸವೆಯುವವರೆಗೆ ಕಾಯಬೇಡಿ. ಒರೆಸಿ ಪೂರ್ತಿ ಒಣಗಿಸಿ, 220 ನಂಬರಿನ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಪುಡಿ ತೆಗೆಯಿರಿ. ಅಕ್ರಿಲಿಕ್ ಬಣ್ಣದ ನೆಲಹಾಸಿಗೆ ನೀರು ಆಧಾರಿತ (ವಾಟರ್-ಬೇಸ್ಡ್) ಪಾಲಿಯುರೆಥೇನ್ ವಾರ್ನಿಷ್ ಒಳ್ಳೆಯದು. ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ; ಹಿಡಿದರೆ ತೆಳುವಾಗಿ ಎರಡು ಸಲ ಬಳಿಯಿರಿ, ಮೊದಲ ಪದರ ಒಣಗಿದ ಮೇಲೆ ಎರಡನೆಯದು. ಒಂದೇ ಸಲ ದಪ್ಪವಾಗಿ ಬಳಿದರೆ ಸರಿಯಾಗಿ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ.

ಎಂದೂ ಮಡಚಬೇಡಿ. ಮಡಿಕೆಯಲ್ಲಿ ಬಣ್ಣ ಬಿರಿದರೆ ಆ ಗೆರೆ ಮತ್ತೆ ಹೋಗದು. ಎತ್ತಿಡುವಾಗ ಚಿತ್ರ ಹೊರಮುಖವಾಗಿರುವಂತೆ ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಿ. ಕುರ್ಚಿ ಕಾಲುಗಳ ಅಡಿಗೆ ಫೆಲ್ಟ್ (ಮೆತ್ತನೆಯ ದಪ್ಪ ಬಟ್ಟೆ) ತುಂಡು ಅಂಟಿಸುವುದನ್ನೂ ಮರೆಯಬೇಡಿ.