ಡಬ್ಬಿಯಲ್ಲಿ ದುಡ್ಡಿದ್ದರೆ ಮಾತ್ರ

ನಾಲ್ಕು ವರ್ಷದ ಹಿಂದೆ ಪರಿಸರ ಉಳಿಸಬೇಕು ಅಂತ ಹೊರಟಾಗ ನಾನೂ ಎಲ್ಲರ ಹಾಗೆ ಅಂಗಡಿಯಿಂದಲೇ ಶುರು ಮಾಡಿದೆ. ಬಿದಿರಿನ ಬ್ರಷ್, ಗಾಜಿನ ಜಾಡಿಗಳ ಸೆಟ್, ಹಸಿರು ಎಲೆ ಅಚ್ಚು ಹಾಕಿದ ಬಟ್ಟೆ ಚೀಲಗಳು, ಸ್ಟೀಲ್ ಸ್ಟ್ರಾ. ನಮ್ಮ ಮನೆಯಲ್ಲಿ ಸ್ಟ್ರಾ ಹಾಕಿಕೊಂಡು ಕುಡಿಯುವವರೇ ಇಲ್ಲ, ಆದರೂ ಕೊಂಡೆ. ಒಂದೇ ತಿಂಗಳಲ್ಲಿ ಸಂಬಳದ ಎಂಟನೇ ಒಂದು ಪಾಲು ಖಾಲಿ. ಮನೆಯವರು ಬೈಯಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಒಂದು ಮಾತು ಹೇಳಿ ಸುಮ್ಮನಾದರು. ಬೈದಿದ್ದರೇ ವಾಸಿ ಇತ್ತು.

ಚೀಲಗಳನ್ನು ಎಣಿಸಿದರೆ 14 ಇದ್ದವು. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಹಾಕಿತ್ತು. ಸಾಮಾನ್ಯ ಹತ್ತಿಯ ಚೀಲ ಬರೀ ಹವಾಮಾನದ ಲೆಕ್ಕದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಕನಿಷ್ಠ 52 ಸಲ ಬಳಸಬೇಕು, ನೀರು ಗಾಳಿ ಎಲ್ಲ ಸೇರಿಸಿದರೆ ಸಾವಿರಾರು ಸಲ. ಹದಿನಾಲ್ಕು ಚೀಲವನ್ನು ಅಷ್ಟು ಬಳಸೋಕೆ ನನಗೆ ಇನ್ನೂ ಎರಡು ಜನ್ಮ ಬೇಕು. ಈಗ ಮೂರೇ ಚೀಲ ಓಡಾಡುತ್ತಿವೆ, ಹಿಡಿ ಕಿತ್ತರೆ ಹೊಲಿಯುತ್ತೇನೆ. ಉಳಿದವು ಎಲ್ಲಿ ಹೋದವು ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಒಂದು ಹಳೇ ಬಿಸ್ಕತ್ ಡಬ್ಬಿ ತೆಗೆದಿಟ್ಟೆ. ನಿಯಮ ಒಂದೇ. ಪರಿಸರದ ಹೆಸರಲ್ಲಿ ಏನೇ ಕೊಳ್ಳಬೇಕಾದರೂ ಆ ದುಡ್ಡು ಈ ಡಬ್ಬಿಯಿಂದಲೇ ಬರಬೇಕು. ಡಬ್ಬಿಗೆ ದುಡ್ಡು ಬರುವುದು ಉಳಿತಾಯದಿಂದ ಮಾತ್ರ. ಪ್ರತಿ ತಿಂಗಳ ಕರೆಂಟ್, ನೀರು, ಗ್ಯಾಸ್ ಲೆಕ್ಕವನ್ನು ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸುತ್ತೇನೆ. ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಚಳಿ ಬಿಸಿಲಿನಲ್ಲೇ ಲೆಕ್ಕ ತಪ್ಪುತ್ತದೆ, ಮೊದಲ ಎರಡು ತಿಂಗಳು ನಾನು ಹಾಗೇ ಬೀಗಿದ್ದೆ. ಎಷ್ಟು ಕಡಿಮೆ ಬಂತೋ ಅಷ್ಟು ನಗದು ಡಬ್ಬಿಗೆ. ಜಾಸ್ತಿ ಬಂದರೆ ಡಬ್ಬಿಯಿಂದ ಹೊರಗೆ.

ಲೆಕ್ಕಪತ್ರದ ಕೆಲಸ ಮಾಡುವ ಗೆಳೆಯನೊಬ್ಬ ನಕ್ಕ. "ಒಂದು ಜೇಬಿನ ದುಡ್ಡು ಇನ್ನೊಂದು ಜೇಬಿಗೆ ಹಾಕಿದರೆ ಉಳಿತಾಯನಾ?" ಅಂದ. ಅವನ ಮಾತು ಸರಿಯೇ. ಆದರೆ ಮೊದಲನೇ ಜೇಬಿನಲ್ಲಿ ಉಳಿದ ದುಡ್ಡು ಯಾವತ್ತೂ ಉಳಿದದ್ದೇ ಇಲ್ಲ, ಅಲ್ವಾ?

ಡಬ್ಬಿ ಖಾಲಿ ಇದ್ದಾಗ ಪುಕ್ಕಟೆ ಕೆಲಸ ಮಾತ್ರ ಮಾಡೋಕೆ ಸಾಧ್ಯ. ಟೀವಿ ಪಕ್ಕದ ಸೆಟ್‌ಟಾಪ್ ಬಾಕ್ಸ್ ಮುಟ್ಟಿ ನೋಡಿದೆ, ರಾತ್ರಿ ಎರಡು ಗಂಟೆಗೂ ಬೆಚ್ಚಗಿತ್ತು. ಸುಮ್ಮನೆ ಕೂತು 12 ವಾಟ್ ತಿನ್ನುತ್ತಿತ್ತು ಅಂದುಕೊಳ್ಳಿ, ತಿಂಗಳಿಗೆ ಎಂಟೂವರೆ ಯೂನಿಟ್ ಆಯಿತು. ಗೋಡೆಯ ಸ್ವಿಚ್ ಆರಿಸುವುದಕ್ಕೆ ಖರ್ಚಿಲ್ಲ. ಬಚ್ಚಲಿನ ನಲ್ಲಿ ಸೆಕೆಂಡಿಗೊಂದು ಹನಿ ಬಿಡುತ್ತಿತ್ತು. ಅದರ ಕೆಳಗೆ ಬಾಟಲಿ ಇಟ್ಟೆ, ಬೆಳಿಗ್ಗೆಗೆ ಹೆಚ್ಚುಕಡಿಮೆ ಎರಡು ಲೀಟರ್. ಡಬ್ಬಿಯಿಂದ ಹೋದ ಮೊದಲ ಖರ್ಚು ಆ ನಲ್ಲಿಯ ವಾಷರ್. ಶವರ್ ಬಿಟ್ಟು ಬಕೆಟ್ಟಿಗೆ ಬಂದಿದ್ದು, ಗೀಸರ್ ಬಿಸಿ ತಗ್ಗಿಸಿದ್ದು ನಿಮಗೆ ಗೊತ್ತಿರುವುದೇ. ಇಪ್ಪತ್ತು ಲೀಟರ್ ನೀರನ್ನು 15 ಡಿಗ್ರಿ ಕಡಿಮೆ ಕಾಯಿಸಿದರೆ ಸಲಕ್ಕೆ ಮೂರನೇ ಒಂದು ಯೂನಿಟ್ ಉಳಿಯುತ್ತದೆ. ಮನೆಯಲ್ಲಿ ನಾಲ್ಕು ಜನ, ಲೆಕ್ಕ ನೀವೇ ಹಾಕಿ.

ಮೂರು ತಿಂಗಳಾದ ಮೇಲೂ ಡಬ್ಬಿ ಅಲ್ಲಾಡಿಸಿದರೆ ಸದ್ದು ಬರುತ್ತಿತ್ತು. ತುಂಬಿದ ಡಬ್ಬಿ ಸದ್ದು ಮಾಡಲ್ಲ. ಅದನ್ನು ತುಂಬಿಸಿದ್ದು ಅಡುಗೆ ಪೆಟ್ಟಿಗೆ.

ಹುಲ್ಲಿನ ಪೆಟ್ಟಿಗೆ ಅಡುಗೆ ಗೊತ್ತಲ್ಲ, ಕುದಿಸಿದ ಪಾತ್ರೆಯನ್ನು ಬೆಚ್ಚಗೆ ಮುಚ್ಚಿಟ್ಟರೆ ತನ್ನ ಬಿಸಿಯಲ್ಲೇ ಬೇಯುತ್ತದೆ. ಮೊದಲ ಪೆಟ್ಟಿಗೆ ಮಾಡಿದ್ದು ಯಾವುದೋ ಪಾರ್ಸೆಲ್ ಜೊತೆ ಬಂದಿದ್ದ ಥರ್ಮಾಕೋಲಿನಲ್ಲಿ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಅದರೊಳಗೆ ಇಟ್ಟೆ. ಸಂಜೆ ತೆಗೆದರೆ ತಳದಲ್ಲಿ ಪಾತ್ರೆಯ ಅಂಚಿನ ಅಚ್ಚು, ಉಂಗುರದ ಹಾಗೆ ಗುಂಡಗೆ, ಬೆರಳು ಹೋಗುವಷ್ಟು ಆಳ. ಕರಗಿದ ವಾಸನೆ ಮನೆಯೆಲ್ಲ. ಆ ಅಡುಗೆ ಚೆಲ್ಲಿದೆ.

ಎರಡನೇದು ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಕಂಬಳಿ. ಈ ಸಲ ಅಡುಗೆ ಸ್ವಲ್ಪವೇ ಮಾಡಿದ್ದೆ, ಪಾತ್ರೆ ಅರ್ಧವೂ ತುಂಬಿರಲಿಲ್ಲ. ಬೆಂದಿದೆಯಾ ಅಂತ ನಡುವೆ ಎರಡು ಸಲ ಮುಚ್ಚಳ ತೆಗೆದು ನೋಡಿದೆ. ಐದು ಗಂಟೆ ಕಳೆದು ತೆಗೆದರೆ ಬರೀ ಉಗುರುಬೆಚ್ಚಗೆ, ಹುಳಿ ವಾಸನೆ. ಅದೂ ಹೋಯಿತು. ಎರಡು ದಿನದ ಅಡುಗೆ, ಅದರ ಗ್ಯಾಸ್, ಮೇಲೆ ಮನೆಯವರ ಮುಖ. ಈ ಪೆಟ್ಟಿಗೆ ಹಾಳಾಗಿ ಹೋಗಲಿ ಅಂತ ಅಟ್ಟದ ಮೇಲೆ ಎಸೆದೆ.

ಆರು ತಿಂಗಳಾದ ಮೇಲೆ ಮತ್ತೆ ಇಳಿಸಿದೆ. ಈ ಸಲ ಅಡುಗೆ ಥರ್ಮಾಮೀಟರ್ ಒಂದು ಡಬ್ಬಿಯ ದುಡ್ಡಲ್ಲೇ ಬಂತು. ಅದು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಸಿ ಎಲ್ಲಿ ಹೋಗುತ್ತಿದೆ ಅಂತ ಕೈಯಿಟ್ಟು ನೋಡುತ್ತಾ ಹೋದೆ. ಪಕ್ಕ ತಣ್ಣಗಿತ್ತು, ತಳ ತಣ್ಣಗಿತ್ತು, ಮುಚ್ಚಳದ ಸಂದು ಮಾತ್ರ ಬೆಚ್ಚಗೆ. ಬಿಸಿಯೆಲ್ಲ ಮೇಲಿನಿಂದಲೇ ಜಾರುತ್ತಿತ್ತು. ಆಗ ನೆನಪಾಗಿದ್ದು ಮೂಲೆಯಲ್ಲಿ ಬಿದ್ದಿದ್ದ ಹನ್ನೊಂದು ಬಟ್ಟೆ ಚೀಲ. ಅವುಗಳಿಗೆ ಹರಿದ ಹಳೇ ಬಟ್ಟೆ ತುರುಕಿ ಬಾಯಿ ಹೊಲಿದೆ. ಚಪ್ಪಟೆ ದಿಂಬುಗಳಾದವು. ತಳಕ್ಕೆ ಮೂರು, ಸುತ್ತ ಐದು, ಮುಚ್ಚಳದ ಮೇಲೆ ಮೂರು. ಪಾತ್ರೆ ಮುಕ್ಕಾಲಿಗಿಂತ ಜಾಸ್ತಿ ತುಂಬಿರಬೇಕು. ನೀರು ಸುಮಾರು ಐದನೇ ಒಂದು ಪಾಲು ಕಡಿಮೆ, ಯಾಕಂದ್ರೆ ಆವಿ ಆಗುವುದೇ ಇಲ್ಲ. ಒಲೆಯ ಮೇಲೆ ಚೆನ್ನಾಗಿ ಹತ್ತು ನಿಮಿಷ ಕುದಿಸಿ, ಮುಚ್ಚಿ, ಒಂದು ಕ್ಷಣವೂ ತಡಮಾಡದೆ ಒಳಗೆ.

ನಾಲ್ಕು ಗಂಟೆ ಆದಮೇಲೆ ಥರ್ಮಾಮೀಟರ್ ಚುಚ್ಚಿದೆ, 71. ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಕಾಳು ಬೆರಳಲ್ಲಿ ಒತ್ತಿದರೆ ಬೆಣ್ಣೆ ಹಾಗೆ ಹೋಯಿತು.

ನಾನು ಇಟ್ಟುಕೊಂಡಿರುವ ಗೆರೆ 60 ಡಿಗ್ರಿ. ಅದಕ್ಕಿಂತ ಕೆಳಗೆ ಇಳಿಯುವ ಮೊದಲೇ ತೆಗೆದು ಬಡಿಸಬೇಕು. ಇಳಿದು ಬಹಳ ಹೊತ್ತಾಗಿದ್ದರೆ ಮತ್ತೆ ಕುದಿಸಿ ತಿನ್ನೋಣ ಅನ್ನೋ ಆಸೆ ಬೇಡ, ಚೆಲ್ಲಿಬಿಡಿ. ಕೆಂಪು ಕಿಡ್ನಿ ಬೀನ್ಸ್ (ರಾಜ್ಮಾ) ಮಾತ್ರ ಈ ಪೆಟ್ಟಿಗೆಗೆ ಹಾಗೇ ಹಾಕಬಾರದು. ಹಸಿಯದರಲ್ಲಿ ಇರುವ ವಿಷ ಸಣ್ಣ ಬಿಸಿಯಲ್ಲಿ ಸಾಯಲ್ಲ, ಜೋರಾಗಿ ಕುದಿಯಲೇಬೇಕು. ನಾನು ನೆನೆಸಿದ ನೀರು ಚೆಲ್ಲಿ ಅರ್ಧ ಗಂಟೆ ಕುದಿಸಿಯೇ ಇಳಿಸುವುದು.

ಗ್ಯಾಸ್ ಸಿಲಿಂಡರ್ ಮೊದಲು ಸುಮಾರು 32 ದಿನ ಬರುತ್ತಿತ್ತು, ಈಗ 45 ದಾಟುತ್ತದೆ. ಒಂದು ಸಲ 49 ಬಂತು, ಆದರೆ ಆ ತಿಂಗಳು ನಾವು ನಾಲ್ಕು ದಿನ ಊರಲ್ಲಿರಲಿಲ್ಲ. ದಿಂಬುಗಳಿಗೆ ಆವಿಯ ತೇವ ಹಿಡಿಯುತ್ತದೆ, ದಿನಾ ಬಿಸಿಲಿಗೆ ಹಾಕದಿದ್ದರೆ ಬೂಸ್ಟು ಬರುತ್ತದೆ. ಇದಕ್ಕೂ ಒಂದು ಉಪಾಯ ಕಂಡುಕೊಂಡಿದ್ದೇನೆ, ಪಾತ್ರೆಗೂ ದಿಂಬಿಗೂ ನಡುವೆ ಒಂದು ವಸ್ತು ಹಾಕುತ್ತೇನೆ. ಅದು ಏನು ಅಂತ ಈಗ ಹೇಳಲ್ಲ. ಇನ್ನೊಂದು ಮಳೆಗಾಲ ಕಳೆಯಲಿ.

ಗೊಬ್ಬರದ ಕತೆ ಚಿಕ್ಕದು. ತೂತು ಕೊರೆದ ಹಳೇ ಪೇಂಟ್ ಬಕೆಟ್ ಎರಡು. ಮೊದಲ ಬಕೆಟ್ ನಾರಿತು, ಹುಳ ಬಂತು, ಮಹಡಿಯವರು ದೂರು ಕೊಟ್ಟರು. ತಪ್ಪು ನನ್ನದೇ, ಹಸಿ ಸಿಪ್ಪೆ ಮಾತ್ರ ಸುರಿಯುತ್ತಾ ಹೋಗಿದ್ದೆ. ಗಾಳಿ ಆಡದಿದ್ದರೆ ಯಾವ ಬಕೆಟ್ ಆದರೂ ನಾರುತ್ತದೆ. ಈಗ ಒಂದು ಬಟ್ಟಲು ಹಸಿಗೆ ಎರಡು ಬಟ್ಟಲು ಒಣ ಎಲೆ ಅಥವಾ ಹರಿದ ರಟ್ಟು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಮರದ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ನನಗೆ ಪುಕ್ಕಟೆ ಸಿಗುತ್ತದೆ, ಎಲ್ಲಿ ಅಂತ ಕೇಳಬೇಡಿ, ನಾಳೆ ನೀವೆಲ್ಲ ಅಲ್ಲೇ ಸಾಲು ನಿಲ್ಲುತ್ತೀರಿ. ಕಸದ ಬುಟ್ಟಿ ಮೊದಲು ದಿನ ಬಿಟ್ಟು ದಿನ ಹೊರಗೆ ಹೋಗುತ್ತಿತ್ತು. ಈಗ ಹದಿನೈದು ಹದಿನೆಂಟು ದಿನಕ್ಕೊಮ್ಮೆ. ದೂರು ಕೊಟ್ಟ ಮನೆಯವರೇ ಹೋದ ತಿಂಗಳು ಕುಂಡಕ್ಕೆ ಅಂತ ಒಂದು ಚೀಲ ಗೊಬ್ಬರ ಕೇಳಿಕೊಂಡು ಹೋದರು. ಕೊಟ್ಟೆ. ಖಾಲಿ ಪೇಂಟ್ ಬಕೆಟ್ ಇದ್ದರೆ ಕೊಡಿ ಅಂತಲೂ ಹೇಳಿದೆ.

ಸೋಪಿನ ವಿಷಯದಲ್ಲಿ ಮಾತ್ರ ಸೋತಿದ್ದೇನೆ. ವಿನಿಗರ್ ಜೊತೆ ಅಡುಗೆ ಸೋಡಾ ಬೆರೆಸಿ ಬುರುಗು ಬಂದಾಗ ಏನೋ ಸಾಧಿಸಿದ ಹಾಗೆ ಅನ್ನಿಸುತ್ತದೆ. ಒಂದು ಹುಳಿ, ಒಂದು ಕ್ಷಾರ, ಎರಡೂ ಸೇರಿ ಒಂದನ್ನೊಂದು ತಿಂದು ಮುಗಿಸಿ ಹೆಚ್ಚುಕಡಿಮೆ ಉಪ್ಪುನೀರು ಉಳಿಯುತ್ತದೆ. ಅದರಲ್ಲಿ ಎರಡು ವಾರ ನೆಲ ಒರೆಸಿದೆ. ಬೇರೆ ಬೇರೆ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ. ಸೋಪು ತುರಿದು ಬಟ್ಟೆಗೆ ಪುಡಿ ಮಾಡಿಕೊಂಡಿದ್ದು ಇನ್ನೂ ದುಬಾರಿ ಪಾಠ. ನಮ್ಮದು ಗಡಸು ನೀರು. ಸೋಪು ಅದರ ಜೊತೆ ಸೇರಿ ಜಿಡ್ಡಾಗಿ ಬಟ್ಟೆಯಲ್ಲೇ ಕೂತಿತು. ಮೂರು ತಿಂಗಳಲ್ಲಿ ಟವೆಲ್‌ಗಳು ರಟ್ಟಿನ ಹಾಗಾದವು, ಮೈ ಒರೆಸಿದರೆ ನೀರು ಪಕ್ಕಕ್ಕೆ ಸರಿಯುತ್ತಿತ್ತು ಅಷ್ಟೇ. ಬಿಸಿನೀರಲ್ಲಿ ನಾಲ್ಕು ಸಲ ಕುದಿಸಬೇಕಾಯಿತು. ಆ ತಿಂಗಳು ಡಬ್ಬಿಗೆ ಹಾಕಿದ್ದಕ್ಕಿಂತ ತೆಗೆದದ್ದೇ ಜಾಸ್ತಿ. ಈಗ ಅಂಗಡಿಯ ಪುಡಿಯನ್ನೇ ಬಳಸುತ್ತೇನೆ, ಪೊಟ್ಟಣದಲ್ಲಿ ಹೇಳಿದ್ದರ ಅರ್ಧ. ಬಟ್ಟೆ ಚೆನ್ನಾಗಿಯೇ ಇದೆ.

ನಿಂಬೆ ಕಿತ್ತಳೆ ಸಿಪ್ಪೆ ಕೊಳೆಸಿ ಕ್ಲೀನರ್ ಮಾಡುವ ಹುಚ್ಚೂ ಹಿಡಿದಿತ್ತು. ಮುಚ್ಚಳ ಬಿಗಿಯಾಗಿ ಹಾಕಿದ್ದೆ. ಒಂಬತ್ತನೇ ದಿನ ರಾತ್ರಿ ಬಾಟಲಿ ಸಿಡಿಯಿತು. ಪುಣ್ಯಕ್ಕೆ ಪ್ಲಾಸ್ಟಿಕ್, ಆ ದುಬಾರಿ ಗಾಜಿನ ಜಾಡಿ ಆಗಿದ್ದರೆ ಕತೆ ಬೇರೆ ಇತ್ತು. ಛಾವಣಿಯ ಕಲೆ ಇನ್ನೂ ಹೋಗಿಲ್ಲ, ಅದೇ ಕ್ಲೀನರ್ ಹಾಕಿ ಉಜ್ಜಿದರೂ ಹೋಗಿಲ್ಲ.

ಎರಡನೇ ವರ್ಷದ ಕೊನೆಗೆ ಡಬ್ಬಿಯ ದುಡ್ಡಲ್ಲಿ ಕಡಿಮೆ ಕರೆಂಟ್ ತಿನ್ನುವ ಮೋಟರ್ ಇರುವ ಒಂದು ಬಿಎಲ್‌ಡಿಸಿ ಫ್ಯಾನ್ ಬಂತು. ಹಳೇದು 75 ವಾಟ್, ಇದು 30ರ ಆಸುಪಾಸು. ದಿನಕ್ಕೆ ಹದಿನಾಲ್ಕು ಗಂಟೆ ಓಡುವ ಕೋಣೆಗೆ ಅದನ್ನು ಹಾಕಿದೆ. ಮಲಗುವ ಕೋಣೆಗೇ ಬೇಕು ಅಂತ ಜಗಳ ಆಯಿತು, ಗಂಟೆ ಲೆಕ್ಕ ತೋರಿಸಿ ಗೆದ್ದೆ. ಆ ಫ್ಯಾನ್ ಉಳಿಸಿದ್ದೂ ಡಬ್ಬಿಗೆ ಸೇರಿ ಮುಂದಿನ ವರ್ಷ ಎರಡನೇದು ಬಂತು. ಆಗ ಲೆಕ್ಕಪತ್ರದ ಗೆಳೆಯನನ್ನು ಕರೆದು ಎರಡರ ರಸೀದಿಯನ್ನೂ ತೋರಿಸಿದೆ. ಅವನು ರಸೀದಿ ನೋಡಲಿಲ್ಲ, ಡಬ್ಬಿ ಎತ್ತಿ ಅಲ್ಲಾಡಿಸಿದ. ಸದ್ದು ಬರಲಿಲ್ಲ.

ಈಗ ಕಣ್ಣು ಫ್ರಿಜ್ ಮೇಲೆ. ಹನ್ನೊಂದು ವರ್ಷ ಹಳೇದು. ಬಾಗಿಲಿಗೆ ಒಂದು ಚೂರು ಕಾಗದ ಸಿಕ್ಕಿಸಿ ಎಳೆದರೆ ಮೂರು ಕಡೆ ಬಿಗಿಯಾಗಿ ಹಿಡಿಯುತ್ತದೆ, ಕೆಳಗಿನ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬರುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ರಬ್ಬರನ್ನು ಎರಡು ಸಲ ಮೆತ್ತಗೆ ಮಾಡಿ ನೋಡಿದೆ, ಒಂದು ತಿಂಗಳು ನಿಂತಿತು. ಇನ್ನು ಗ್ಯಾಸ್ಕೆಟ್ಟೇ ಬದಲಿಸಬೇಕು. ಡಬ್ಬಿಯಲ್ಲಿ ಗ್ಯಾಸ್ಕೆಟ್ಟಿಗೆ ಸಾಕಾಗುವಷ್ಟು ಇದೆ, ಕೂರಿಸುವವರ ಕೂಲಿಗೆ ಇಲ್ಲ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ನಾನೇ ಕೂರಬೇಕು.